ಬೇಡ ಅನ್ನುವುದನ್ನು ಕಲಿಸಿದ ವರ್ಷ

ತುಮಕೂರಿನ ಬಟವಾಡಿ ಕಡೆ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಕೇಂದ್ರ ನಡೆಯುತ್ತದೆ. ಮಾತು ಬಾರದವರು, ಬುದ್ಧಿ ಬೆಳವಣಿಗೆ ನಿಧಾನವಾದವರು, ಆಟಿಸಂ ಇರುವವರು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ಎಲ್ಲರೂ ದೊಡ್ಡವರೇ, ಕೆಲವರಿಗೆ ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಹಲ್ಲುಜ್ಜುವುದು, ಶರಟಿನ ಗುಂಡಿ ಹಾಕುವುದು, ಬಸ್ಸಿನಲ್ಲಿ ಕೂರುವುದು, ತಟ್ಟೆ ತೊಳೆದಿಡುವುದು ಇಂಥವನ್ನು ಅವರಿಗೆ ಕಲಿಸುವುದು ನನ್ನ ಕೆಲಸ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೇರೆ ಕಡೆ ಬೇಡವಾದವರು. ಹೊಡೆಯುತ್ತಾರೆ, ಕಚ್ಚುತ್ತಾರೆ, ಬಟ್ಟೆ ಬಿಚ್ಚಿ ಬಿಸಾಡುತ್ತಾರೆ ಎಂಬ ಮಾತು ಅವರಿಗಿಂತ ಮೊದಲೇ ನಮ್ಮ ಬಾಗಿಲಿಗೆ ಬಂದಿರುತ್ತದೆ.

ಅವನನ್ನು ಗುಬ್ಬಿ ಹತ್ತಿರದ ಒಂದು ಹಳ್ಳಿಯಿಂದ ಅವನ ಅತ್ತಿಗೆ ಕರೆದುಕೊಂಡು ಬಂದಿದ್ದು ಒಂದು ಬೇಸಿಗೆಯಲ್ಲಿ. ಮೂವತ್ತು ದಾಟಿದ ಎತ್ತರದ ಆಳು. ಕ್ಷೌರ ಮಾಡಿಸಲು ಬಿಡುವುದಿಲ್ಲವೆಂದು ಗಡ್ಡ ಎದೆಯವರೆಗೆ ಇಳಿದಿತ್ತು. ಮಾತಿಲ್ಲ, ಗಂಟಲಿನಿಂದ ಹೊರಡುವ ಒಂದು ಸದ್ದು ಮಾತ್ರ ಇತ್ತು, ಅದು ಸಂತೋಷಕ್ಕೂ ಸಿಟ್ಟಿಗೂ ಒಂದೇ. ಮನೆಯಲ್ಲಿ ಅವನನ್ನು ಇನ್ನೂ ಪಾಪು ಎಂದೇ ಕರೆಯುತ್ತಿದ್ದರು. ಅಂಥ ಸೆಕೆಯಲ್ಲೂ ಅತ್ತಿಗೆ ಮುಂಗೈವರೆಗೆ ತೋಳಿರುವ ರವಿಕೆ ಹಾಕಿದ್ದರು. ಯಾಕೆಂದು ನನಗೆ ಆಮೇಲೆ ಗೊತ್ತಾಯಿತು.

ಬಂದವರಿಗೆ ನಾನು ಮಜ್ಜಿಗೆ ಕೊಟ್ಟೆ. ಅವನು ಅರ್ಧ ಲೋಟ ಕುಡಿದು ಕೆಳಗಿಟ್ಟ. ಬಿಸಿಲಲ್ಲಿ ಬಂದಿದ್ದಾನೆ, ಪಾಪ ಎಂದು ನಾನು ಮತ್ತೆ ತುಂಬಿಸಿದೆ. ಮರುಕ್ಷಣ ಲೋಟ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಗಿ ಗೋಡೆ ಗಡಿಯಾರಕ್ಕೆ ಬಡಿಯಿತು. ಗಾಜು ಚೂರಾಯಿತು. ಯಾರೂ ಹೇಳದೆಯೇ ಅತ್ತಿಗೆ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೂರುಗಳನ್ನು ಆರಿಸತೊಡಗಿದರು. ದಿನಾ ಮಾಡುವ ಕೆಲಸದ ಹಾಗೆ. ಆರಿಸುತ್ತಲೇ, ತಲೆಯೆತ್ತದೆ ಹೇಳಿದರು: “ಇಲ್ಲೂ ಆಗಲ್ಲ ಅಂದ್ರೆ ಇವತ್ತೇ ಹೇಳ್ಬುಡಿ ಮಿಸ್. ಸ್ವಲ್ಪ ದಿನ ಆಸೆ ತೋರ್ಸಿ ಆಮೇಲೆ ಕಳಿಸ್ಬೇಡಿ.”

ಆಗುತ್ತದೆ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಲು ನನಗೆ ಧೈರ್ಯವೂ ಇರಲಿಲ್ಲ. ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಕ್ಕ, ಎಂದಷ್ಟೇ ಹೇಳಿದೆ.

ಅವರು ದಿನಾ ಬಂದರು. ಗುಬ್ಬಿಯಿಂದ ಬಸ್ಸಿನಲ್ಲಿ ಅವನನ್ನು ಕಿಟಕಿ ಪಕ್ಕ ಕೂರಿಸಿ, ತಾವು ಅಡ್ಡವಾಗಿ ಕೂತು, ಸಂಜೆಯವರೆಗೆ ನಮ್ಮ ಜಗುಲಿಯಲ್ಲೇ ಹೂವು ಕಟ್ಟುತ್ತಲೋ ಕಾಳು ಆರಿಸುತ್ತಲೋ ಇದ್ದು ವಾಪಸು ಹೋಗುತ್ತಿದ್ದರು. ಹಾಗೆ ಕೂತಿದ್ದಾಗಲೇ ಸ್ವಲ್ಪ ಸ್ವಲ್ಪವಾಗಿ ಅವರ ಮನೆಯ ವಿಷಯ ತಿಳಿಯಿತು. ಅವರು ಮದುವೆಯಾಗಿ ಬಂದಾಗ ಮೈದುನ ಇನ್ನೂ ಸಣ್ಣ ಹುಡುಗ. ಅತ್ತೆ ಬದುಕಿರುವವರೆಗೆ ಅವನ ಊಟ, ಸ್ನಾನ ಎಲ್ಲ ಅವರದೇ. ಅವರು ತೀರಿಕೊಂಡ ಮೇಲೆ ಎಲ್ಲವೂ ಇವರ ಪಾಲಿಗೆ ಬಂತು. ಗಂಡ ಗುಬ್ಬಿಯಲ್ಲಿ ಒಂದು ಕಚೇರಿಗೆ ಹೋಗುವವರು, ಭಾನುವಾರ ತೆಂಗಿನ ತೋಟ. ತಮ್ಮನನ್ನು ಕಂಡರೆ ಪ್ರೀತಿಯಿತ್ತು, ಹತ್ತಿರ ಹೋಗಲು ಮಾತ್ರ ಹೆದರುತ್ತಿದ್ದರು. ಅವರ ಒಬ್ಬಳೇ ಮಗಳು ತುಮಕೂರಿನಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು.

ಒಂದು ಮಧ್ಯಾಹ್ನ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿಕೊಂಡು ಒಂದು ಮಾತು ಹೇಳಿದರು. ಸ್ನಾನ ಮಾಡಿಸುವುದು ಇನ್ನು ತಮ್ಮ ಕೈಯಲ್ಲಿ ಆಗುವುದಿಲ್ಲ ಎಂದು. “ಅವನೀಗ ಹುಡುಗ ಅಲ್ಲ ಮಿಸ್,” ಎಂದರು. ಇಷ್ಟು ವರ್ಷ ಈ ಮಾತನ್ನು ಅವರು ಗಂಡನಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ಎಲ್ಲಿಂದ ಶುರು ಮಾಡಬೇಕೆಂದು ನನಗೆ ತೋರಿದ್ದೇ ಆ ಮಾತಿನಿಂದ.

ನಮ್ಮ ಕೇಂದ್ರದಲ್ಲಿ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದಾರೆ. ಗಂಡಸರ ಸ್ನಾನ, ಬಟ್ಟೆ ಕಲಿಸುವ ಕೆಲಸ ಅವರದು. ಇಂಥದ್ದನ್ನು ನಾವು ಹಿಂದಿನಿಂದ ಮುಂದಕ್ಕೆ ಕಲಿಸುತ್ತೇವೆ. ಅಂದರೆ ಸ್ನಾನವನ್ನೆಲ್ಲ ನಾವೇ ಮಾಡಿಸಿ, ಕೊನೆಯ ಒಂದು ಚೊಂಬು ನೀರನ್ನು ಮಾತ್ರ ಅವರೇ ಸುರಿದುಕೊಳ್ಳುವಂತೆ ಬಿಡುವುದು. ಮುಗಿಸಿದವನು ತಾನೇ ಆದ್ದರಿಂದ ಅವರಿಗೆ ಅದರಲ್ಲಿ ಒಂದು ಖುಷಿ ಸಿಗುತ್ತದೆ. ಅದು ಬಂದ ಮೇಲೆ ಅದರ ಹಿಂದಿನ ಕೆಲಸ, ಆಮೇಲೆ ಅದರ ಹಿಂದಿನದು. ಅವನ ಕೈಯಿಂದ ಸೋಪು ಜಾರಿ ಬಿದ್ದಾಗಲೆಲ್ಲ ಸಿಟ್ಟು ಬಂದು ಚೊಂಬು ಎಸೆಯುತ್ತಿದ್ದ. ಮೇಷ್ಟ್ರು ಸೋಪನ್ನು ಒಂದು ಹಳೆಯ ಸಾಕ್ಸಿನೊಳಗೆ ಹಾಕಿ ಗಂಟು ಕಟ್ಟಿಕೊಟ್ಟರು. ಅವತ್ತಿನಿಂದ ಸೋಪು ಜಾರುವುದು ನಿಂತಿತು, ಚೊಂಬು ಹಾರುವುದೂ ಕಡಿಮೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲಿನ ಹೊರಗೆ ಯಾರಾದರೂ ನಿಂತರೆ ಸಾಕು, ಅವನೇ ಸ್ನಾನ ಮಾಡಿಕೊಳ್ಳುತ್ತಿದ್ದ.

ಮನೆಯಲ್ಲಿ ಹೊರಗೆ ನಿಲ್ಲಬೇಕಾದವರು ಅಣ್ಣ. ಅವರಿಗೆ ಫೋನಿನಲ್ಲಿ ಹೇಳಿದರೆ ಹೂಂ ಅನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಒಂದು ಭಾನುವಾರ ಮೇಷ್ಟ್ರೇ ಆ ಹಳ್ಳಿಗೆ ಹೋಗಿ, ಅವರನ್ನು ಬಚ್ಚಲಿನ ಬಾಗಿಲಲ್ಲಿ ನಿಲ್ಲಿಸಿ, ತಮ್ಮ ಏನೇನು ಮಾಡುತ್ತಾನೆಂದು ತೋರಿಸಿದರಂತೆ. ಅಣ್ಣ ಬಾಯಿ ತೆರೆದುಕೊಂಡು ನೋಡುತ್ತಾ ನಿಂತಿದ್ದರು ಎಂದು ಅತ್ತಿಗೆ ಬಂದು ಹೇಳಿದರು. ಆಮೇಲೆ ಬೆಳಗಿನ ಸ್ನಾನ ಅಣ್ಣನದಾಯಿತು. ಅತ್ತಿಗೆಯ ಮುಖದ ಬಿಗಿ ಸಡಿಲವಾಗಿತ್ತು. ಮೊದಲ ಬಾರಿಗೆ ಅವರು ಗಿಡ್ಡ ತೋಳಿನ ರವಿಕೆ ಹಾಕಿಕೊಂಡು ಬಂದರು. ಮುಂಗೈಯ ಮೇಲೆ ಹಲ್ಲಿನ ಹಳೆಯ ಗುರುತುಗಳು ಕಾಣುತ್ತಿದ್ದವು.

ಎಸೆಯುವುದು ಮಾತ್ರ ನಿಂತಿರಲಿಲ್ಲ. ಯಾವಾಗ ಎಸೆಯುತ್ತಾನೆ ಎಂದು ನೋಡುತ್ತಾ ಕೂತೆ. ಚಹಾ ಅರ್ಧ ಉಳಿದಾಗ, ಮುದ್ದೆ ಮುಗಿದ ಮೇಲೆ ಅನ್ನ ಬಡಿಸಿದಾಗ, ಯಾರಾದರೂ ಪ್ರೀತಿಯಿಂದ ಇನ್ನೊಂದು ಚೂರು ತಿನ್ನು ಎಂದಾಗ. ಸಾಕು ಎಂದು ಹೇಳಲು ಅವನಿಗೆ ಬೇರೆ ದಾರಿ ಇರಲಿಲ್ಲ. ಎಸೆದರೆ ಎದುರಿನವರು ನಿಲ್ಲಿಸುತ್ತಿದ್ದರು, ಅದನ್ನು ಅವನು ಕಲಿತುಕೊಂಡಿದ್ದ.

ಬೇರೊಂದು ದಾರಿ ಕೊಡಬೇಕಿತ್ತು. ಅಂಗೈಯನ್ನು ತಟ್ಟೆಯ ಮೇಲೆ ಮುಚ್ಚುವುದು, ಅದಕ್ಕೆ ‘ಸಾಕು’ ಎಂದು ಅರ್ಥ. ಅವನಿಗೆ ಹಾಗಲಕಾಯಿ ಪಲ್ಯ ಆಗದು. ಒಂದು ಚಿಟಿಕೆಯಷ್ಟು ಪಲ್ಯವನ್ನು ಚಮಚದಲ್ಲಿ ಹಿಡಿದು ತಟ್ಟೆಯ ಹತ್ತಿರ ತರುತ್ತಿದ್ದೆ. ಅವನ ಕೈ ತಟ್ಟೆಯ ಅಂಚಿಗೆ ಹೋಗುವ ಮೊದಲೇ ಅಂಗೈ ಹಿಡಿದು ತಟ್ಟೆಯ ಮೇಲೆ ಇರಿಸಿ, ಸಾಕಾ, ಸರಿ ಎಂದು ಚಮಚವನ್ನು ಆಗಿಂದಾಗಲೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಅವನಿಗೆ ಕಲಿಸಿದ್ದಕ್ಕಿಂತ ಉಳಿದವರಿಗೆ ಕಲಿಸಿದ್ದು ಕಷ್ಟವಾಯಿತು. ನಮ್ಮ ಅಡುಗೆಯ ಅಮ್ಮನಿಗೆ ತಟ್ಟೆ ಖಾಲಿ ಕಂಡರೆ ಸೌಟು ತಾನಾಗಿ ಮುಂದೆ ಬರುತ್ತಿತ್ತು. ಅವನು ಕೈ ಮುಚ್ಚಿದ ಮೇಲೂ ಬೆರಳುಗಳ ಸಂದಿಯಲ್ಲಿ ಸಾರು ಬಿಟ್ಟ ದಿನಗಳಿವೆ. ಅಂಥ ದಿನ ತಟ್ಟೆ ಹಾರುತ್ತಿತ್ತು, ಅಮ್ಮ ತಾವೇ ನಕ್ಕು ಒರೆಸುತ್ತಿದ್ದರು.

ಹೀಗೆ ಕಲಿಯುವ ಹೊತ್ತಿನಲ್ಲೇ ಒಮ್ಮೆ ಅವನು ನನ್ನ ಮುಂಗೈಯನ್ನು ಕಚ್ಚಿದ. ಹಲ್ಲು ಆಳಕ್ಕೆ ಇಳಿದಿತ್ತು. ಡಾಕ್ಟರ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗಿ ತುಂಬ ಅತ್ತೆ. ಈ ಕೆಲಸ ಬಿಟ್ಟುಬಿಡೋಣ ಅನ್ನಿಸಿತು. ಮಾರನೆಯ ಬೆಳಿಗ್ಗೆ ಕೇಂದ್ರದ ಬೀಗ ತೆಗೆಯಲು ಹೋದರೆ ಅತ್ತಿಗೆ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು, ಅವನನ್ನು ಬಿಟ್ಟು ಒಬ್ಬರೇ. ಅವತ್ತು ಅವನನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಚೀಲದಲ್ಲಿ ಮನೆಯಲ್ಲೇ ತೆಗೆದ ಕೊಬ್ಬರಿ ಎಣ್ಣೆ ತಂದಿದ್ದರು. ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗಾಯದ ಸುತ್ತ ಊದಿದ್ದ ಕಡೆ ಎಣ್ಣೆ ಸವರಿದರು. ಆಮೇಲೆ ತಮ್ಮ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ನೋಡಿ, “ಒಂದೇ ಥರ ಬಳೆ ಹಾಕ್ಸ್ಕೊಂಡಂಗೆ ಆಯ್ತಲ್ಲ ಮಿಸ್ ನಮ್ಮಿಬ್ರಿಗೂ,” ಎಂದರು. ಇಬ್ಬರೂ ನಕ್ಕೆವು. ಕೆಲಸ ಬಿಡುವ ಯೋಚನೆ ಆ ಮೆಟ್ಟಿಲ ಮೇಲೆಯೇ ಹೋಯಿತು.

ಆ ಚಳಿಗಾಲದಲ್ಲಿ ಮಗಳಿಗೆ ಗಂಡು ಗೊತ್ತಾಯಿತು. ಹುಡುಗನ ಕಡೆಯವರು ಕುಣಿಗಲ್ ತಾಲ್ಲೂಕಿನವರು, ಮದುವೆ ಕುಣಿಗಲ್‌ನ ಒಂದು ಛತ್ರದಲ್ಲಿ. ಅಣ್ಣ ನಮ್ಮ ಕೇಂದ್ರಕ್ಕೆ ಬಂದು, ನಿಂತುಕೊಂಡೇ, ಮದುವೆ ದಿನ ತಮ್ಮನನ್ನು ನಮ್ಮಲ್ಲೇ ಇಟ್ಟುಕೊಳ್ಳಲು ಆಗುತ್ತದಾ ಎಂದು ಕೇಳಿದರು. ಈ ಹಿಂದೆ ಮನೆಯಲ್ಲಿ ಏನೇ ಕಾರ್ಯವಾದರೂ ಅವನನ್ನು ತೋಟದ ಮನೆಯ ಕೋಣೆಯಲ್ಲಿ ಕೂಡಿಹಾಕುತ್ತಿದ್ದರಂತೆ. ಈ ಸಲ ಹಾಗೆ ಮಾಡಲು ಅವರಿಗೆ ಮನಸ್ಸಿರಲಿಲ್ಲ, ಕರೆದುಕೊಂಡು ಹೋಗುವ ಧೈರ್ಯವೂ ಇರಲಿಲ್ಲ. ನಾನು ಆಗಲಿ ಎಂದೆ.

ಎರಡು ದಿನ ಬಿಟ್ಟು ಮಗಳೇ ಬಂದಳು. ಆಫೀಸಿನಿಂದ ನೇರವಾಗಿ ಬಂದಿದ್ದಳು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ಆ ಮನೆಯಲ್ಲಿ ಅವನನ್ನು ಪಾಪು ಎನ್ನದೆ ಚಿಕ್ಕಪ್ಪ ಎನ್ನುತ್ತಿದ್ದವಳು ಅವಳೊಬ್ಬಳೇ. ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ತೋಟವೆಲ್ಲ ಸುತ್ತಿದ್ದಳಂತೆ.

“ಅಪ್ಪ ಬಂದಿದ್ರಂತೆ,” ಎಂದಳು. “ಚಿಕ್ಕಪ್ಪ ಮದುವೆಗೆ ಬರ್ತಾರೆ ಮಿಸ್. ಗಂಡಿನ ಮನೆಯೋರಿಗೆ ನಾನೇ ಹೇಳ್ಬಿಟ್ಟಿದೀನಿ, ಚಿಕ್ಕಪ್ಪ ಗಲಾಟೆ ಮಾಡುದ್ರೂ ಮಾಡ್ಬೋದು ಅಂತ. ನೀವು ಏನ್ ಕಲಿಸ್ಬೇಕೋ ಕಲ್ಸಿ.”

ಹಾಗೆ ನಮ್ಮ ಕೇಂದ್ರದಲ್ಲಿ ಮದುವೆ ಶುರುವಾಯಿತು. ವಾರಕ್ಕೊಮ್ಮೆ ಬಾಳೆಎಲೆ ತಂದು, ಬೆಂಚುಗಳನ್ನು ಸಾಲಾಗಿ ಹಾಕಿ, ಎಲ್ಲರನ್ನೂ ಊಟಕ್ಕೆ ಕೂರಿಸುತ್ತಿದ್ದೆವು. ಎಲೆ ಹಾಕಿದ ಮೇಲೂ ಬಡಿಸುವವರೆಗೆ ಕಾಯಬೇಕಲ್ಲ, ಅವನಿಗೆ ಅದು ಹೊಸದು. ಮೊದಲು ಎಲೆ ಹಾಕಿದ ತಕ್ಷಣ ಅನ್ನ, ಆಮೇಲೆ ಸ್ವಲ್ಪ ತಡ, ಆಮೇಲೆ ಇನ್ನೂ ಸ್ವಲ್ಪ. ಕಾಯುವಾಗ ಕೈಗೆ ಕೆಲಸವಿರಲಿ ಎಂದು ಎಲೆಗೆ ನೀರು ಚಿಮುಕಿಸಿ ಒರೆಸುವುದನ್ನು ಕಲಿಸಿದೆವು. ಅದನ್ನು ಅವನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದನೆಂದರೆ ಅಕ್ಕಪಕ್ಕದವರ ಎಲೆಯನ್ನೂ ಒರೆಸಿಬಿಡುತ್ತಿದ್ದ. ಮೇಷ್ಟ್ರು ತಮ್ಮ ಫೋನಿನಲ್ಲಿ ವಾಲಗದ ಸದ್ದನ್ನು ಸಣ್ಣದಾಗಿ ಹಾಕಿ ವಾರವಾರಕ್ಕೆ ಏರಿಸುತ್ತಾ ಹೋದರು. ಸದ್ದು ತಡೆಯಲಾರದಿದ್ದರೆ ಹೊರಗೆ ಹೋಗಬೇಕೆಂದು ಹೇಳಲು ತೆರೆದ ಬಾಗಿಲಿನ ಒಂದು ಚಿತ್ರವನ್ನು ದಾರದಲ್ಲಿ ಕಟ್ಟಿ ಅವನ ಸೊಂಟಕ್ಕೆ ನೇತುಹಾಕಿದೆವು. ಅದನ್ನು ಎತ್ತಿ ತೋರಿಸಿದರೆ ಏನೇ ಕೆಲಸವಿರಲಿ, ಜೊತೆಗಿದ್ದವರು ಎದ್ದು ಅವನೊಂದಿಗೆ ಹೊರಗೆ ಹೋಗಬೇಕು.

ಬಟ್ಟೆಯದು ಇನ್ನೊಂದು ಚಿಂತೆ. ಹೊಸ ಬಟ್ಟೆ ಮೈಗೆ ತಾಗಿದರೆ ಎಲ್ಲಿದ್ದರೂ ಸರಿ, ಬಿಚ್ಚಿ ಹಾಕುತ್ತಿದ್ದ. ಅತ್ತಿಗೆ ಬಿಳಿ ಶರಟು, ಪೈಜಾಮ ಹೊಲಿಸಿ, ಕೊರಳಿನ ಹತ್ತಿರದ ದರ್ಜಿಯ ಚೀಟಿಯನ್ನು ಬಿಡಿಸಿ, ಮದುವೆಯವರೆಗೂ ಒಗೆದರು. ಒಗೆದು ಒಣಗಿಸಿ ಮತ್ತೆ ಒಗೆದರು. ಮದುವೆಯ ಹೊತ್ತಿಗೆ ಆ ಶರಟು ಹಳೆಯ ಪಂಚೆಯಷ್ಟು ಮೆತ್ತಗಾಗಿತ್ತು.

ಮದುವೆಯ ಬೆಳಿಗ್ಗೆ ನಾನು, ಮೇಷ್ಟ್ರು, ಅವನು ಒಂದು ಕಾರಿನಲ್ಲಿ ಕುಣಿಗಲ್‌ಗೆ ಹೋದೆವು. ಗಡ್ಡ ತೆಗೆಸಿಕೊಂಡಿದ್ದ. ಅದಕ್ಕೂ ಒಂದು ದೊಡ್ಡ ಕಥೆಯಿದೆ, ಇಲ್ಲಿ ಬೇಡ. ಛತ್ರದಲ್ಲಿ ಹಿಂದಿನ ಸಾಲಿನ ಕೊನೆಯಲ್ಲಿ, ಬಾಗಿಲಿಗೆ ಹತ್ತಿರ ಕೂತೆವು. ಜನ ತಿರುಗಿ ತಿರುಗಿ ನೋಡಿದರು. ಅವನು ಮೇಲಿನ ಫ್ಯಾನುಗಳನ್ನು ನೋಡುತ್ತಾ ಸುಮ್ಮನಿದ್ದ.

ಧಾರೆಯ ಹೊತ್ತು ಬಂತು. ವಾಲಗದವರು ಒಮ್ಮೆಲೇ ಗಟ್ಟಿಮೇಳ ಹಿಡಿದರು. ಫೋನಿನ ವಾಲಗಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಬಲಗೈ ಬಾಯಿಯ ಹತ್ತಿರ ಹೋಯಿತು. ತನ್ನ ಕೈಯನ್ನು ತಾನೇ ಕಚ್ಚುವುದು ಅವನ ಸಿಟ್ಟಿನ ಮೊದಲ ಮೆಟ್ಟಿಲು, ಆಮೇಲಿನದು ಪಕ್ಕದವರು. ಚಿತ್ರದ ಕಡೆ ಬೆರಳು ತೋರಿಸಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬಾಯಿಯ ಹತ್ತಿರ ಹೋಗಿದ್ದ ಕೈ ಕೆಳಗಿಳಿದು ಸೊಂಟದಲ್ಲಿ ಹುಡುಕಾಡಿತು. ಚಿತ್ರವನ್ನು ಎತ್ತಿ ಮೇಷ್ಟ್ರ ಮೂಗಿಗೆ ಹಿಡಿದ. ಮೇಷ್ಟ್ರು ಆಗಲೇ ಎದ್ದು ನಿಂತಿದ್ದರು.

ಮಂಟಪದಲ್ಲಿದ್ದ ಅತ್ತಿಗೆ ಇತ್ತ ತಿರುಗಿ ನೋಡಿದಾಗ ಕುರ್ಚಿ ಖಾಲಿಯಿತ್ತು. ಅವರ ಮುಖ ಬಿಳಿಚಿಕೊಂಡಿದ್ದು ಅಷ್ಟು ದೂರಕ್ಕೂ ಕಾಣಿಸಿತು. ಏನೂ ಆಗಿಲ್ಲ, ಅವನೇ ಕೇಳಿ ಹೋಗಿದ್ದಾನೆ ಎಂದು ಕೈಸನ್ನೆಯಲ್ಲಿ ತೋರಿಸಿದೆ. ಅವರಿಗೆ ಅರ್ಥವಾಯಿತು. ಮಗಳ ಧಾರೆಗೆ ಹಾಲು ಎರೆಯುತ್ತಾ ಅವರು ಅತ್ತರು. ಅಲ್ಲಿದ್ದವರು ಅದನ್ನು ಮಗಳಿಗಾಗಿ ಅಂದುಕೊಂಡಿರಬೇಕು, ಅದೂ ಇತ್ತೇನೋ.

ಅವನು ಧಾರೆ ನೋಡಲಿಲ್ಲ. ಛತ್ರದ ಹಿಂದಿನ ಹೊಂಗೆ ಮರದ ಕೆಳಗೆ ಕಟ್ಟೆಯ ಮೇಲೆ ಮೇಷ್ಟ್ರ ಪಕ್ಕ ಕೂತಿದ್ದ. ಎಲ್ಲ ಮುಗಿದ ಮೇಲೆ ಮದುಮಕ್ಕಳು ಅಲ್ಲಿಗೇ ಬಂದರು. ಹುಡುಗಿ ಬಗ್ಗಿ ಕಾಲು ಮುಟ್ಟಲು ಹೋದರೆ ಅವನು ಕಾಲನ್ನು ಹಿಂದಕ್ಕೆಳೆದುಕೊಂಡ, ಅವನಿಗೆ ಕಾಲು ಮುಟ್ಟಿಸಿಕೊಳ್ಳುವುದು ಆಗದು. ಅವಳಿಗೆ ಅದು ಗೊತ್ತು. ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಅವನು ಅವಳ ಹಾರವನ್ನು ಹತ್ತಿರಕ್ಕೆಳೆದು ಮೂಸಿದ, ಬಹಳ ಹೊತ್ತು. ಅವಳು ಹಾಗೇ ಬಗ್ಗಿ ನಿಂತಿದ್ದಳು. ಆಗ ಮದುವೆ ಹುಡುಗ ಮುಂದೆ ಬಂದು, “ಚಿಕ್ಕಪ್ಪ, ಊಟಕ್ಕೆ ಹೋಗಣ್ವಾ?” ಎಂದು ಕೇಳಿದ. ನನಗೆ ಆ ಹುಡುಗನ ಪರಿಚಯವೇ ಇರಲಿಲ್ಲ. ಆ ಒಂದು ಮಾತಿಗಾಗಿ ಅವನಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಊಟದ ಸಾಲಿನಲ್ಲಿ ಅವನ ಒಂದು ಪಕ್ಕ ಮೇಷ್ಟ್ರು ಕೂತರು. ಇನ್ನೊಂದು ಪಕ್ಕಕ್ಕೆ ನಾನು ಹೋಗುವಷ್ಟರಲ್ಲಿ ಅಣ್ಣ ಬಂದು ಕೂತುಬಿಟ್ಟರು. ಹೆಣ್ಣಿನ ಅಪ್ಪ ಅವರು, ಓಡಾಡಿ ನೆಂಟರನ್ನು ವಿಚಾರಿಸಿಕೊಳ್ಳಬೇಕಾದವರು. ನಾನು ಎದುರು ಸಾಲಿಗೆ ಹೋದೆ. ಅವನು ಎಲೆ ಒರೆಸಿದ, ಅಣ್ಣನ ಎಲೆಯನ್ನೂ ಒರೆಸಿದ. ಕೋಸಂಬರಿ, ಪಲ್ಯ, ಹೋಳಿಗೆ ಬಂದವು. ಹೋಳಿಗೆ ತಿಂದ. ಬಡಿಸುವವನು ಇನ್ನೊಂದು ಸುತ್ತು ಹೋಳಿಗೆ ತಂದಾಗ ಅವನು ಅಂಗೈಯನ್ನು ಎಲೆಯ ಮೇಲೆ ಮುಚ್ಚಿದ. ಬಡಿಸುವವನು ಗಟ್ಟಿ ಆಸಾಮಿ, ಮದುವೆ ಮನೆಯಲ್ಲಿ ಬೇಡ ಅಂದರೆ ಬಿಡುವವನಲ್ಲ. ನಾಚಿಕೊಳ್ಳಬೇಡಿ, ಇನ್ನೊಂದು ಹಾಕಿಸಿಕೊಳ್ಳಿ ಎನ್ನುತ್ತಾ ಬೆರಳುಗಳ ಹತ್ತಿರವೇ ಹೋಳಿಗೆ ಹಿಡಿದ. ಅವನು ಇನ್ನೊಂದು ಕೈಯನ್ನೂ ತಂದು ಮೊದಲನೆಯ ಕೈಯ ಮೇಲಿಟ್ಟ. ಗಂಟಲಿನ ಸದ್ದು ಹೊರಟಿತು. ನಾನು ಎದುರಿನಿಂದ ಎದ್ದೇಬಿಟ್ಟಿದ್ದೆ.

ಅಣ್ಣ ಬಡಿಸುವವನ ಕೈಗೆ ಅಡ್ಡ ಹಿಡಿದರು. “ಬೇಡ ಅಂದವ್ನೆ ಕಣಪ್ಪ ನನ್ ತಮ್ಮ,” ಎಂದರು. “ಬುಟ್ಬುಡು.”

ಬಡಿಸುವವನು ಆಯ್ತಣ್ಣ ಎಂದು ಮುಂದಿನ ಎಲೆಗೆ ಹೋದ. ಅವನು ನಿಧಾನವಾಗಿ ಎರಡೂ ಕೈ ತೆಗೆದು, ಅನ್ನ ಸಾರು ಕಲೆಸಿಕೊಂಡು ಊಟ ಮಾಡಿದ. ಹುಟ್ಟಿನಿಂದ ಒಂದು ಮಾತೂ ಆಡದ ತಮ್ಮ ‘ಬೇಡ ಅಂದ’ ಎಂದು ಅಣ್ಣ ಹೇಳಿದ್ದನ್ನು ಆ ಸಾಲಿನಲ್ಲಿ ಬೇರೆ ಯಾರೂ ಗಮನಿಸಿರಲಾರರು. ನಾನು ಮತ್ತೆ ಕೂತೆ. ನನ್ನ ಎಲೆಯಲ್ಲಿ ಮಾತ್ರ ಹೋಳಿಗೆಗಳು ಬೀಳುತ್ತಲೇ ಇದ್ದವು.

ಎಲ್ಲವೂ ಹೀಗೆಯೇ ನಡೆಯಿತು ಎಂದರೆ ಸುಳ್ಳಾಗುತ್ತದೆ. ಕೈ ತೊಳೆಯುವ ಕಡೆ ನೂಕುನುಗ್ಗಲಿತ್ತು, ಯಾರೋ ಹಿಂದಿನಿಂದ ತಳ್ಳಿದರು. ಅವನು ಅಲ್ಲಿದ್ದ ನೀರಿನ ಜಗ್ಗನ್ನು ಎತ್ತಿ ಎಸೆದ. ಅದು ಗೋಡೆಗೆ ಬಿತ್ತು, ನೀರೆಲ್ಲ ಗಂಡಿನ ಕಡೆಯ ಒಬ್ಬ ವಯಸ್ಸಾದ ಹೆಂಗಸಿನ ರೇಷ್ಮೆ ಸೀರೆಯ ಮೇಲೆ ಹೋಯಿತು. ಅತ್ತಿಗೆ ಓಡಿಬಂದು ಕೈಮುಗಿದರು. ಆ ಅಜ್ಜಿ ನೆರಿಗೆ ಕೊಡವಿಕೊಂಡು, “ನೀರ್ ತಾನೆ, ಒಣಗ್ತದೆ ಬುಡವ್ವ,” ಎಂದು ಎಲೆಅಡಿಕೆ ಹುಡುಕಿಕೊಂಡು ಹೋದರು. ಮೇಷ್ಟ್ರು ಅವನನ್ನು ಹೊಂಗೆ ಮರದ ಕಡೆಗೆ ಕರೆದುಕೊಂಡು ಹೋದರು. ಸಂಜೆಗೆ ಮೊದಲೇ ನಾವು ಹೊರಟೆವು. ತುಮಕೂರು ಬರುವವರೆಗೆ ಅವನು ನಿದ್ದೆ ಮಾಡಿದ.

ಈಗ ಅವನು ಕೇಂದ್ರಕ್ಕೆ ಅಣ್ಣನ ಜೊತೆ ಬರುತ್ತಾನೆ. ಅಣ್ಣ ಅವನನ್ನು ಬಿಟ್ಟು ಗುಬ್ಬಿಗೆ ವಾಪಸು ಕೆಲಸಕ್ಕೆ ಹೋಗುತ್ತಾರೆ. ಅತ್ತಿಗೆ ಬರುವುದು ಕಡಿಮೆಯಾಗಿದೆ. ಅವನು ಈಗಲೂ ಒಮ್ಮೊಮ್ಮೆ ಎಸೆಯುತ್ತಾನೆ. ಮನೆಯಲ್ಲಿ ಅವನ ಅಂಗೈಗೆ ಬೆಲೆ ಬಂದಿದೆ. ಅವನು ತಟ್ಟೆ ಮುಚ್ಚಿದರೆ ಯಾರೂ ಮೇಲೆ ಬಡಿಸುವುದಿಲ್ಲವಂತೆ. ಅವನನ್ನು ನೋಡಿ ನೋಡಿ ನಾನೂ ನನ್ನ ಮನೆಯಲ್ಲಿ, ನೆಂಟರ ಮನೆಯಲ್ಲಿ ಬೇಡ ಅಂದವರ ಕೈ ನೋಡುವುದನ್ನು ಕಲಿತಿದ್ದೇನೆ. ನನಗೆ ಈ ಕೆಲಸ ಕಲಿಸಿದ ತರಬೇತಿಗಳು ಎಷ್ಟೋ ಇವೆ. ಅವುಗಳಿಗಿಂತ ಹೆಚ್ಚಾಗಿ ನಾನು ನೆನೆಯುವುದು ಅವನನ್ನು, ಮತ್ತು ಜಗುಲಿಯಲ್ಲಿ ಹೂವು ಕಟ್ಟುತ್ತಾ ಕೂತಿರುತ್ತಿದ್ದ ಆ ಅಕ್ಕನನ್ನು.

ಮೊನ್ನೆ ಮಳೆ ಹಿಡಿದ ಮೇಲೆ ಅವರ ಫೋನ್ ಬಂತು. ಹಿಂದೆ ನೀರಿನ ಮೊರೆತ ಕೇಳುತ್ತಿತ್ತು. ತವರಿಗೆ ಬಂದಿದ್ದೇನೆ ಎಂದರು. ಅವರ ತವರು ಮಾರ್ಕೋನಹಳ್ಳಿಯ ಹತ್ತಿರ, ಅಣೆಕಟ್ಟು ತುಂಬಿ ನೀರು ಬಿಟ್ಟಿದ್ದರಂತೆ, ಅಕ್ಕತಂಗಿಯರೆಲ್ಲ ನೋಡಲು ಹೋಗಿದ್ದರು. ಅತ್ತೆ ತೀರಿಕೊಂಡ ಮೇಲೆ ಅವರು ತವರಿನಲ್ಲಿ ರಾತ್ರಿ ಉಳಿದದ್ದು ಇದೇ ಮೊದಲು. ಅಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

“ಏನೂ ಇಲ್ಲ ಮಿಸ್. ಸುಮ್ನೆ ಕೂತಿದೀನಿ. ಎಲ್ರೂ ಬುತ್ತಿ ಬಿಚ್ಚಿ ಬಡಿಸ್ತಾವ್ರೆ, ನಾನ್ ಮಾತ್ರ ಕೂತಿದೀನಿ.”

ಮೈದುನ ಹೇಗಿದ್ದಾನೆ, ಮನೆಗೆ ಫೋನ್ ಮಾಡಿದಿರಾ ಎಂದೆ.

“ಇನ್ನೂ ಮಾಡಿಲ್ಲ,” ಎಂದರು. “ಅಣ್ಣ ತಮ್ಮ ಇಬ್ರೂ ಇದ್ದಾರಲ್ಲ, ನೋಡ್ಕೊಳ್ತಾರೆ.”

ನಾಳೆ ಬರುವಾಗ ನನಗೆ ಹೊಳೆಮೀನು ತರಲಾ ಎಂದು ಕೇಳಿದರು. ತನ್ನಿ ಎಂದೆ.